ಹಾವು ಕಚ್ಚಿದರೆ ಹಗ್ಗ ಬೇಡ, ಅಡಿಕೆ ಹಾಳೆ ತನ್ನಿ

ತೋಟದಲ್ಲಿ ಅಡಿಕೆ ಹೆಕ್ಕುವವರಿಗೆ ಹಾವು ಕಚ್ಚಿದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಲ್ಲರೂ ಮೊದಲು ಹುಡುಕುವುದು ಹಗ್ಗ. ಮೊಣಕಾಲಿನ ಕೆಳಗೆ ಜಗ್ಗಿ ಕಟ್ಟಿದರೆ ವಿಷ ಮೇಲೆ ಏರುವುದಿಲ್ಲ ಅನ್ನುವ ನಂಬಿಕೆ. ನಾನು ವಾಚನಾಲಯ, ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಸಭೆ ಅಂತ ಹೋಗಿ ಪ್ರಥಮ ಚಿಕಿತ್ಸೆ ಹೇಳಿಕೊಡಲು ಶುರು ಮಾಡಿದ್ದೇ ಹಾಗೆ ಕಟ್ಟಿದ ಒಂದು ಕಾಲನ್ನು ನೋಡಿದ ಮೇಲೆ. ಹಗ್ಗದಿಂದ ಕೆಳಗೆ ಚರ್ಮ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಚ್ಚಿದ್ದು ವಿಷವಿಲ್ಲದ ಹಾವು. ಹಗ್ಗ ಮಾಡಿದ ಗಾಯಕ್ಕೇ ವಾರಗಟ್ಟಲೆ ಮದ್ದು ಬೇಕಾಯಿತು.

ಮೊದಲು ಹಾವಿನಿಂದ ದೂರ ಬನ್ನಿ. ಅದನ್ನು ಹೊಡೆದು ಚೀಲದಲ್ಲಿ ತರುವುದು ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವುದು ಒಂದೇ ಮದ್ದು, ಆ್ಯಂಟಿವೆನಮ್ ಅನ್ನುವ ವಿಷನಿವಾರಕ ಇಂಜೆಕ್ಷನ್. ದೂರದಿಂದ ಫೋಟೊ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಬಿಡಿ. ಹಾವು ಅಂಗಳದಲ್ಲೇ ಇದ್ದರೆ ಹಿಡಿಯುವವರನ್ನು ಕರೆಸಲು ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಇದೆ.

ಎರಡನೆಯದು, ಕಚ್ಚಿದ ಕಾಲಿನ ಕಾಲುಂಗುರ, ಗೆಜ್ಜೆ, ಕಪ್ಪು ದಾರ ಎಲ್ಲ ತೆಗೆಯಿರಿ. ಬಾವು ಬಂದ ಮೇಲೆ ತೆಗೆಯಲು ಆಗುವುದಿಲ್ಲ. ಗಾಯವನ್ನು ಕೊಯ್ಯಬೇಡಿ, ಹೀರಬೇಡಿ, ಐಸ್ ಇಡಬೇಡಿ. ಆನ್‌ಲೈನಿನಲ್ಲಿ ವಿಷ ಹೀರುವ ಪಂಪು ಅಂತ ಒಂದು ಡಬ್ಬಿ ಮಾರುತ್ತಾರೆ. ಅದನ್ನು ಕೊಂಡಿದ್ದರೆ ಇವತ್ತೇ ಬಿಸಾಡಿ. ಗಾಯದ ಮೇಲೆ ಇಡುವ ವಿಷಕಲ್ಲಿನಿಂದ ಗುಣವಾದವರಿದ್ದಾರಲ್ಲ ಅಂತ ತರಗತಿಯಲ್ಲಿ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಎಷ್ಟೋ ಹಾವುಗಳಿಗೆ ವಿಷವೇ ಇಲ್ಲ. ವಿಷದ ಹಾವೂ ಒಮ್ಮೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಆಗ ಕಲ್ಲು ಇಟ್ಟರೂ ಇಡದಿದ್ದರೂ ಮನುಷ್ಯ ಉಳಿಯುತ್ತಾನೆ.

ಇನ್ನು ಎಲ್ಲರೂ ತಪ್ಪುವ ಹಂತ: ಕಾಲು ಅಲುಗದ ಹಾಗೆ ಮಾಡುವುದು. ನಡೆದಾಗ, ಓಡಿದಾಗ ಕಾಲಿನ ಸ್ನಾಯುಗಳು ಹಿಂಡಿದಂತಾಗಿ ವಿಷ ಬೇಗ ಮೈಗೆ ಏರುತ್ತದೆ. ಅದಕ್ಕೇ ಕಚ್ಚಿಸಿಕೊಂಡವರನ್ನು ಅಲ್ಲೇ ಮಲಗಿಸಿ. ಒಂದು ಹೆಜ್ಜೆಯೂ ನಡೆಯುವುದು ಬೇಡ. ಕಾಲು ಮುರಿದಾಗ ಕಟ್ಟುವ ಹಾಗೆ ಪಟ್ಟಿ ಇಟ್ಟು ಕಟ್ಟಬೇಕು. ನಮ್ಮಲ್ಲಿ ಅದಕ್ಕೆ ಅಡಿಕೆ ಸೋಗೆಯ ಬುಡದ ಹಾಳೆಗಿಂತ ಒಳ್ಳೆಯದು ಇಲ್ಲ. ಹಗುರ, ಗಟ್ಟಿ, ಕಾಲಿನ ಸುತ್ತ ತಾನಾಗಿ ಬಾಗುತ್ತದೆ.

ಈಗಷ್ಟೇ ಬಿದ್ದ ಹಾಳೆ ಆದರೆ ಉತ್ತಮ. ತೀರಾ ಒಣಗಿದ್ದರ ಅಂಚು ಚರ್ಮ ಕೊಯ್ಯುತ್ತದೆ, ಅಂಥದ್ದಾದರೆ ಬಟ್ಟೆ ಸುತ್ತಿ. ನುಣುಪಾದ ಒಳಮೈ ಕಾಲಿನ ಕಡೆ ಇರಲಿ. ಹಾಳೆ ತೊಡೆಯ ನಡುವಿನಿಂದ ಹಿಮ್ಮಡಿ ದಾಟುವವರೆಗೆ ಬರಬೇಕು, ಆಗ ಮಾತ್ರ ಮೊಣಕಾಲು, ಹರಡು ಎರಡೂ ಅಲುಗುವುದಿಲ್ಲ. ಒಂದು ಸಾಲದಿದ್ದರೆ ಎರಡನ್ನು ಒಂದು ಗೇಣು ಒಂದರ ಮೇಲೊಂದು ಬರುವಂತೆ ಇಡಿ. ಮೊಣಕಾಲಿನ ಹಿಂದಿನ ಗುಳಿಗೆ ಮಡಚಿದ ಬಟ್ಟೆ ತುಂಬಿ.

ಕಟ್ಟಲು ನನಗೆ ಹತ್ತಿಯ ಬೈರಾಸೇ (ತೆಳು ಟವೆಲ್) ಬೇಕು. ನಾಲ್ಕು ಬೆರಳು ಅಗಲಕ್ಕೆ ಮಡಚಿ ತೊಡೆ, ಮೊಣಕಾಲಿನ ಕೆಳಗೆ, ಹರಡಿನ ಮೇಲೆ, ಪಾದ, ಹೀಗೆ ನಾಲ್ಕು ಕಡೆ ಕಟ್ಟಿ. ಪಾಲಿಯೆಸ್ಟರ್ ಶಾಲು ಜಾರುತ್ತದೆ, ಪ್ಲಾಸ್ಟಿಕ್ ಹಗ್ಗ ಕೊರೆಯುತ್ತದೆ. ಕಚ್ಚಿದ ಜಾಗದ ಮೇಲೆ ಕಟ್ಟು ಬೀಳಬಾರದು. ಗಂಟು ಹಾಳೆಯ ಮೇಲೆ ಬರಲಿ.

ಎಷ್ಟು ಬಿಗಿ? ತರಗತಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ಇಲ್ಲೇ ತಪ್ಪುತ್ತಾರೆ. ಹೆದರಿದ ಕೈ ತಾನಾಗಿ ಜಗ್ಗುತ್ತದೆ. ಪ್ರತಿ ಕಟ್ಟಿನ ಒಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಆ ಕಾಲಿನ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಪಾದ ತಣ್ಣಗಾದರೆ, ಜೋಮು ಹಿಡಿದರೆ ಕಟ್ಟು ಸಡಿಲಿಸಿ. ಕಾಲು ಊದುತ್ತಾ ಹೋಗುವುದರಿಂದ ದಾರಿಯಲ್ಲೂ ಆಗಾಗ ನೋಡುತ್ತಿರಿ. ಹಾಳೆ ಹತ್ತಿರ ಇಲ್ಲವೇ? ಹುಡುಕಾಡುತ್ತಾ ಹೊತ್ತು ಕಳೆಯಬೇಡಿ. ಎರಡೂ ಕಾಲು ಜೋಡಿಸಿ ಸಡಿಲಾಗಿ ಕಟ್ಟಿದರೂ ಆಯಿತು. ಕಚ್ಚಿದ್ದು ಕೈಗಾದರೆ ಮೊಣಕೈಯಿಂದ ಬೆರಳ ತುದಿವರೆಗೆ ಹಾಳೆ ಇಟ್ಟು ಕೊರಳಿಗೆ ಜೋಲಿ ಹಾಕಿ.

ನೀವು ಮುಟ್ಟುವ ಮೊದಲೇ ಯಾರಾದರೂ ಹಗ್ಗ ಬಿಗಿದಿದ್ದರೆ? ಮನೆಯಲ್ಲಿ ತಟ್ಟನೆ ಬಿಚ್ಚಬೇಡಿ. ತಡೆದು ನಿಂತ ವಿಷ ಒಮ್ಮೆಲೇ ಒಳಗೆ ನುಗ್ಗಬಹುದು. ಡಾಕ್ಟರರ ಎದುರಿಗೇ ಬಿಚ್ಚಬೇಕು.

ತೋಟದಿಂದ ರಸ್ತೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬನ್ನಿ. ತೋಡಿನ ಸಂಕ (ಕಿರುಸೇತುವೆ) ದಾಟುವಾಗ ಮುಂದೊಬ್ಬರು, ಹಿಂದೊಬ್ಬರು. ಜೀಪು, ಆಟೋ ಯಾವುದಾದರೂ ಸರಿ. ಬೈಕ್ ಒಂದೇ ಇದ್ದರೆ ಇಬ್ಬರ ನಡುವೆ ಕೂರಿಸಿ. ವಾಂತಿ ಬಂದರೆ ಎಡ ಮಗ್ಗುಲಿಗೆ ತಿರುಗಿಸಿ. ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ ಉಸಿರಿನ ಮೇಲೆ ಕಣ್ಣಿಡಿ. ಉಸಿರು ನಿಂತರೆ ತಕ್ಷಣ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಿ.

ಕಟ್ಟುಹಾವಿನ ವಿಷಯ ಬೇರೆಯೇ. ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಿಗ್ಗೆ ಏಳುವಾಗ ಹೊಟ್ಟೆನೋವು, ಕಣ್ಣು ತೆರೆಯಲು ಆಗುತ್ತಿಲ್ಲ ಅಂದರೆ ಗ್ಯಾಸ್ ಅಂತ ಕಷಾಯ ಕುಡಿಸುತ್ತಾ ಕೂರಬೇಡಿ.

ಎಲ್ಲ ಆಸ್ಪತ್ರೆಯಲ್ಲೂ ಆ್ಯಂಟಿವೆನಮ್ ಮದ್ದು ಇರುವುದಿಲ್ಲ. ಮೊದಲಿಗೇ 8ರಿಂದ 10 ವಯಲ್ (ಸಣ್ಣ ಬಾಟಲಿ) ಬೇಕಾಗುತ್ತದೆ. ಹತ್ತಿರ ಎಲ್ಲಿ ಮದ್ದು, ವೆಂಟಿಲೇಟರ್ ಎರಡೂ ಇದೆ ಅಂತ ಇವತ್ತೇ ವಿಚಾರಿಸಿ, ನಂಬರನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಮಂಜೇಶ್ವರದವರಿಗೆ ಮಂಗಳೂರು ಹತ್ತಿರವಾದರೆ ಅಲ್ಲಿಗೇ ಹೋಗಲಿ, ಗಡಿ ನೋಡಬೇಡಿ. 108ಕ್ಕೆ ಕರೆ ಮಾಡಿದಾಗ ಮಲಯಾಳ ಮಾತ್ರ ಬಲ್ಲವರು ಸಿಕ್ಕಬಹುದು. ‘ಪಾಂಬು ಕಡಿಚ್ಚು’ (ಹಾವು ಕಚ್ಚಿತು) ಅನ್ನುವ ಎರಡು ಪದ ಮತ್ತು ನಿಮ್ಮ ಜಾಗದ ಹೆಸರು ಮನೆಯ ಮಕ್ಕಳಿಗೂ ಬಾಯಿಪಾಠ ಇರಲಿ.

ಕಚ್ಚಿದ ಹೊತ್ತನ್ನು ಪೆನ್ನಿನಲ್ಲಿ ಕಾಲಿನ ಮೇಲೇ ಬರೆಯಿರಿ. ಬಾವು ಎಲ್ಲಿವರೆಗೆ ಬಂದಿದೆ ಅಂತ ಒಂದು ಗೆರೆ ಎಳೆದು ಪಕ್ಕದಲ್ಲಿ ಗಂಟೆ ಹಾಕಿ. ಏನೂ ಆಗಿಲ್ಲ ಅಂತ ಅನಿಸಿದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಿ.