ಗಂಟೆಗೆ ಗಂಟೆ: ಕೌಶಲ ವಿನಿಮಯ ಮಾಡಿಕೊಳ್ಳುವುದು ಹೇಗೆ?

ಒಬ್ಬರಿಗೆ ಗಿಟಾರ್ ನುಡಿಸಲು ಬರುತ್ತದೆ, ಆದರೆ ಸ್ಪ್ರೆಡ್‌ಶೀಟ್ ತೆರೆದರೆ ಕೈಕಾಲು ಆಡುವುದಿಲ್ಲ. ಇನ್ನೊಬ್ಬರ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಬ್ಬರೂ ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರೂ ಒಬ್ಬರಿಗೆ ಬರುವುದು ಮತ್ತೊಬ್ಬರಿಗೆ ತಿಳಿದೇ ಇರುವುದಿಲ್ಲ. ದುಬಾರಿ ತರಬೇತಿಗೆ ಹಣ ಕಟ್ಟಲು ಸಿದ್ಧರಿರುವವರಿಗೂ ಪಕ್ಕದವರನ್ನು ಕೇಳುವುದಕ್ಕೆ ಸಂಕೋಚ. ಆ ಸಂಕೋಚ ಬಿಟ್ಟರೆ ಸಾಕು, ವಾರಕ್ಕೆ ಒಂದೆರಡು ಗಂಟೆಯಲ್ಲಿ ಇಬ್ಬರೂ ಏನಾದರೊಂದು ಕಲಿಯಬಹುದು. ಆದರೆ ಬರೀ ಉತ್ಸಾಹ ನಂಬಿ ಹೊರಡಬೇಡಿ, ಸ್ವಲ್ಪ ಪೂರ್ವತಯಾರಿ ಬೇಕು.

ಮೊದಲು ಎರಡು ಪಟ್ಟಿ

ಒಂದು ಹಾಳೆಯ ಎಡಕ್ಕೆ ನಿಮಗೆ ಬರುವುದನ್ನು, ಬಲಕ್ಕೆ ಕಲಿಯಬೇಕಾದದ್ದನ್ನು ಬರೆಯಿರಿ. ಎಡಭಾಗ ಖಾಲಿ ಉಳಿಯುವುದೇ ಹೆಚ್ಚು. ‘ನನಗೇನು ಮಹಾ ಬರುತ್ತದೆ’ ಎನ್ನುವವರು, ಅದರಲ್ಲೂ ಮನೆಗೆಲಸದಲ್ಲೇ ಕೈ ಪಳಗಿಸಿಕೊಂಡವರು, ತಮ್ಮ ಜಾಣ್ಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ನಿಜಕ್ಕೂ ಬೇಸರದ ಸಂಗತಿ. ಅಂಥವರು ಪ್ರಶ್ನೆಯನ್ನು ಬದಲಿಸಿಕೊಳ್ಳಬೇಕು: ಇತರರು ಯಾವ ಕೆಲಸಕ್ಕಾಗಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ? ಉತ್ತರ ತಾನಾಗಿ ಹೊಳೆಯುತ್ತದೆ.

ಬರೆಯುವಾಗ ಚಿಕ್ಕದಾಗಿ, ಖಚಿತವಾಗಿ ಬರೆಯಿರಿ. ‘ಕಂಪ್ಯೂಟರ್ ಗೊತ್ತು’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸಾವಿರಾರು ಫೋಟೊಗಳನ್ನು ವರ್ಷವಾರು ಜೋಡಿಸಿ, ಕಳೆದುಹೋಗದಂತೆ ಇನ್ನೊಂದು ಪ್ರತಿ ತೆಗೆದಿಡಲು ಬರುತ್ತದೆ’ ಎಂದರೆ ತಿಳಿಯುತ್ತದೆ. ಬಲಭಾಗಕ್ಕೂ ಇದೇ ಮಾತು. ‘ಹೊಲಿಗೆ’ ಎನ್ನುವ ಬದಲು ‘ಪ್ಯಾಂಟಿನ ಅಂಚು ಮಡಚಿ ಹೊಲಿಯುವುದು’ ಎಂದು ಬರೆಯಿರಿ.

ಲೆಕ್ಕ ಮೊದಲೇ ಮಾತಾಡಿಕೊಳ್ಳಿ

1973ರಲ್ಲಿ ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬ ಮಹಿಳೆ, ಸದಸ್ಯರು ಪರಸ್ಪರರಿಗಾಗಿ ದುಡಿದ ಗಂಟೆಗಳನ್ನೇ ಜಮೆ ಮಾಡಿಕೊಳ್ಳುವ ಶ್ರಮ ಬ್ಯಾಂಕೊಂದನ್ನು ಕಟ್ಟಿದರು. 1980ರಲ್ಲಿ ಅಮೆರಿಕದ ವಕೀಲ ಎಡ್ಗರ್ ಕಾನ್ ಇಂಥದ್ದೇ ಆಲೋಚನೆಗೆ ‘ಟೈಮ್ ಡಾಲರ್’ ಎಂಬ ರೂಪ ಕೊಟ್ಟರು. ಈ ಪದ್ಧತಿಯಲ್ಲಿ ಯಾರ ಗಂಟೆಯಾದರೂ ಒಂದು ಗಂಟೆಯೇ. ವಕೀಲರದ್ದು ಹೆಚ್ಚಲ್ಲ, ತೋಟ ನೋಡಿಕೊಳ್ಳುವವರದ್ದು ಕಡಿಮೆಯಲ್ಲ. ಇಬ್ಬರ ನಡುವಿನ ಪುಟ್ಟ ವಿನಿಮಯಕ್ಕೂ ಈ ನಿಯಮಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಯಾರ ವಿದ್ಯೆ ದೊಡ್ಡದು ಎಂದು ತೂಗಲು ಕುಳಿತರೆ ಅಲ್ಲಿಂದಲೇ ಮನಸ್ತಾಪ ಶುರು.

ಕೊಟ್ಟವರಿಂದಲೇ ಮರಳಿ ಪಡೆಯಬೇಕೆಂದಿಲ್ಲ. ನೀವು ಒಬ್ಬರಿಗೆ ಕಲಿಸಿ, ಅವರು ಮೂರನೆಯವರಿಗೆ ಕಲಿಸಿ, ಆ ಮೂರನೆಯವರು ನಿಮಗೆ ಕಲಿಸಿದರೂ ಲೆಕ್ಕ ಸರಿಹೋಗುತ್ತದೆ. ಸಾಮಗ್ರಿ ಯಾರು ತರಬೇಕು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು ಎಂಬುದನ್ನೂ ಮಾತಾಡಿಕೊಳ್ಳಿ. ಅಪರಿಚಿತರಾದರೆ ಮೊದಲ ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲಿರಲಿ.

ಕಲಿಸುವವರ ಕೆಲಸ

ಕೆಲಸ ಚೆನ್ನಾಗಿ ಬರುವವರಿಗೆ ಕಲಿಸುವುದೂ ಸುಲಭ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಉಲ್ಟಾ. 1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರು ಜನಪ್ರಿಯ ಹಾಡುಗಳ ಲಯವನ್ನು ಮೇಜಿನ ಮೇಲೆ ತಟ್ಟಬೇಕು, ಉಳಿದವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸಿಯಾರು ಎಂದು ತಟ್ಟಿದವರು ಅಂದಾಜಿಸಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರಕ್ಕೆ ಮಾತ್ರ. ತಟ್ಟುವವರ ತಲೆಯೊಳಗೆ ಇಡೀ ಹಾಡು ಮೊಳಗುತ್ತಿತ್ತು, ಕೇಳುವವರ ಕಿವಿಗೆ ಬಿದ್ದದ್ದು ಬರೀ ಟಕ್ ಟಕ್ ಸದ್ದು.

ಕೋಟಿಗೆ ಗುಂಡಿ ಹೊಲಿಯುವುದನ್ನೇ ನೋಡಿ. ಬಲ್ಲವರು ಹೇಳುವುದು ಇಷ್ಟು: ದಾರ ಪೋಣಿಸಿ, ಗಂಟು ಹಾಕಿ, ತೂತುಗಳಲ್ಲಿ ನಾಲ್ಕಾರು ಸಲ ಸೂಜಿ ಆಡಿಸಿ. ಹೊಸಬರು ಹಾಗೆಯೇ ಮಾಡುತ್ತಾರೆ, ಗುಂಡಿ ಬಟ್ಟೆಗೆ ಬಿಗಿಯಾಗಿ ಅಂಟಿ ಕೂರುತ್ತದೆ. ಗುಂಡಿ ಹಾಕಿದಾಗ ಎದುರು ಅಂಚಿನ ದಪ್ಪ ಬಟ್ಟೆಗೆ ಅದರ ಅಡಿ ಜಾಗವೇ ಇರುವುದಿಲ್ಲ. ಬಟ್ಟೆ ಸುಕ್ಕುಗಟ್ಟುತ್ತದೆ, ಕೆಲವೇ ದಿನಗಳಲ್ಲಿ ದಾರ ಹರಿಯುತ್ತದೆ. ಬಲ್ಲವರ ಬೆರಳು ತಾನಾಗಿ ಬಿಡುವ ಆ ಸಡಿಲದ ವಿಷಯ ಅವರ ಬಾಯಿಗೆ ಬಂದೇ ಇರುವುದಿಲ್ಲ. ಕಲಿಸಬೇಕಾದದ್ದು ಅದನ್ನೇ: ಗುಂಡಿಯ ಮೇಲೆ, ತೂತುಗಳ ನಡುವೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ಹೊಲಿಯಿರಿ. ಕಡ್ಡಿ ಎಳೆದು ಗುಂಡಿಯನ್ನು ಮೇಲಕ್ಕೆತ್ತಿದರೆ ಅಡಿಯಲ್ಲಿ ದಾರ ಸಡಿಲವಾಗಿ ಸಿಗುತ್ತದೆ. ಅದರ ಸುತ್ತ ನಾಲ್ಕೈದು ಸುತ್ತು ದಾರ ಬಿಗಿದು, ಬಟ್ಟೆಯ ಹಿಂಬದಿಯಲ್ಲಿ ಗಂಟು ಹಾಕಿ.

ನಿಮ್ಮ ವಿದ್ಯೆಯಲ್ಲೂ ಇಂಥದ್ದೊಂದು ಬೆಂಕಿಕಡ್ಡಿ ಇದ್ದೇ ಇರುತ್ತದೆ. ಅದನ್ನು ಪತ್ತೆಹಚ್ಚಲು ಪಾಠದ ಹಿಂದಿನ ದಿನ ಆ ಕೆಲಸವನ್ನು ಬೇಕೆಂದೇ ನಿಧಾನವಾಗಿ, ಪ್ರತಿ ಚಲನೆಯನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಿ. ಮೊಬೈಲಿನಲ್ಲಿ ನಿಮ್ಮ ಕೈಗಳ ವಿಡಿಯೊ ತೆಗೆದು ನೋಡಿದರೆ ಇನ್ನೂ ಒಳ್ಳೆಯದು. ಮಾತಿನಲ್ಲಿ ಇಲ್ಲದ, ಕೈಯಲ್ಲಿ ಮಾತ್ರ ಇರುವ ಹೆಜ್ಜೆಗಳು ಆಗ ಕಣ್ಣಿಗೆ ಬೀಳುತ್ತವೆ.

ಪಾಠದ ದಿನ ಮೊದಲು ಒಮ್ಮೆ ಎಂದಿನ ವೇಗದಲ್ಲಿ, ಮತ್ತೊಮ್ಮೆ ನಿಧಾನವಾಗಿ ಮಾಡಿ ತೋರಿಸಿ. ಆಮೇಲೆ ಸಲಕರಣೆಯನ್ನು ಅವರ ಕೈಗೆ ಕೊಟ್ಟುಬಿಡಿ. ಅವರು ತಡವರಿಸುವಾಗ ‘ಕೊಡಿ ಇಲ್ಲಿ’ ಎಂದು ಕಿತ್ತುಕೊಳ್ಳಬೇಡಿ, ದಯವಿಟ್ಟು. ಕೆಲಸವೇನೋ ಮುಗಿಯುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಹೆಣಿಗೆ, ಗಂಟು ಹಾಕುವುದು ಮುಂತಾದ ಕೈಕೆಲಸಗಳಿಗೆ ಎದುರುಬದುರಾಗಿ ಕೂರದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಎದುರಿಗೆ ಕುಳಿತರೆ ನಿಮ್ಮ ಎಡ ಅವರ ಬಲವಾಗಿ ಕಂಡು ಗೊಂದಲವಾಗುತ್ತದೆ.

ಕಲಿಯುವವರ ಪಾಲು

‘ಅರ್ಥವಾಯಿತು’ ಎಂದು ತಲೆಯಾಡಿಸುವುದು ಸೌಜನ್ಯವಲ್ಲ. ಎಲ್ಲಿ ಕೈ ತಪ್ಪಿತೋ ಅಲ್ಲೇ ನಿಲ್ಲಿಸಿ ಕೇಳಿ. ಮನೆಗೆ ಹೋದ ಮೇಲೆ ಟಿಪ್ಪಣಿಯನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಅದನ್ನು ಮುಚ್ಚಿಟ್ಟು ನೆನಪಿನಿಂದ ಮಾಡಲು ಯತ್ನಿಸಿ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ನೆನಪಿಸಿಕೊಳ್ಳುವ ಅಭ್ಯಾಸ ಮಾಡಿದ್ದವರು ಅವರನ್ನು ಹಿಂದೆ ಹಾಕಿದ್ದರು. ಹಾಗೆಯೇ ಎರಡು ಗಂಟೆಯನ್ನು ಒಂದೇ ದಿನ ಕೂರುವ ಬದಲು, ನಡುವೆ ಕೆಲವು ದಿನ ಬಿಟ್ಟು ಒಂದೊಂದು ಗಂಟೆ ಕುಳಿತರೆ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ.

ವಿದ್ಯುತ್ ವೈರಿಂಗ್, ಗ್ಯಾಸ್ ಸಂಪರ್ಕ, ಔಷಧ ಕೊಡುವುದು: ತಪ್ಪಿದರೆ ಜೀವಕ್ಕೇ ಎರವಾಗುವ ಇಂಥವನ್ನು ವಿನಿಮಯದ ಪಟ್ಟಿಗೆ ಸೇರಿಸಲೇಬೇಡಿ.

ಬಲಭಾಗದಲ್ಲಿ ಬರೆದುಕೊಂಡ ಕೆಲಸವನ್ನು ಕಲಿಯುವವರು ಒಬ್ಬರೇ, ನಿಮ್ಮ ಸುಳಿವಿಲ್ಲದೆ ಎರಡು ಸಲ ಮಾಡಿ ಮುಗಿಸಿದರೆ ಆ ಪಾಠ ಅಲ್ಲಿಗೆ ಮುಗಿಯಿತೆಂದು ತಿಳಿಯಿರಿ. ಮುಂದಿನ ವಾರ ಪಟ್ಟಿಯ ಇನ್ನೊಂದು ಸಾಲು ಹಿಡಿಯಬಹುದು.