ಅಜ್ಜನ ಕೋವಿಯ ವಯಸ್ಸು ಹುಡುಕಿದ್ದು

ಅಜ್ಜನ ಬೇಟೆ ಕೋವಿ ನನ್ನ ಕೈಗೆ ಬಂದಾಗ ಅದು ರೆಮಿಂಗ್ಟನ್ ಕಂಪನಿಯದು ಅನ್ನೋದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. "ಎರಡನೇ ಮಹಾಯುದ್ಧಕ್ಕೂ ಮೊದಲಿನದು ಕಣೋ" ಅಂತ ಮಾವ ಹೇಳುತ್ತಿದ್ದರು. ನನಗೆ ಸರಿಯಾದ ಮಾಡೆಲ್ ಬೇಕಿತ್ತು, ವರ್ಷ ಬೇಕಿತ್ತು.

ಮೊದಲು ಬೋಲ್ಟ್, ಅಂದರೆ ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಸರಳನ್ನು, ಹೊರಗೆ ತೆಗೆದೆ. ಒಳಗೆ ತೋಟಾ ಇಲ್ಲ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿದೆ. ಇಷ್ಟು ಮಾಡದೆ ಕೋವಿಯ ಮೇಲಿನ ಅಕ್ಷರ ಓದೋಕೆ ಕೂರಲೇಬಾರದು.

ರಿಸೀವರಿನ, ಅಂದರೆ ಬೋಲ್ಟ್ ಕೂರುವ ಕೋವಿಯ ಮಧ್ಯಭಾಗದ, ಎಡಬದಿಯಲ್ಲಿ ಮಾಡೆಲ್ ಹೆಸರು ಕೊರೆದಿತ್ತು. ಆದರೆ ಹಿಂದೆ ಯಾರೋ ಹೊಸದಾಗಿ ಕಪ್ಪು ಬಣ್ಣ ಕೊಡಿಸುವಾಗ ಜಾಸ್ತಿ ಉಜ್ಜಿಸಿಬಿಟ್ಟಿದ್ದರು. ಕೋಣೆ ಕತ್ತಲು ಮಾಡಿ ಟಾರ್ಚನ್ನು ಬದಿಯಿಂದ ಅಡ್ಡಕ್ಕೆ ಹಿಡಿದೆ. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣೋದಿಲ್ಲ, ಅಡ್ಡ ಬೆಳಕಿಗೆ ಸವೆದ ಗೆರೆಗಳೂ ನೆರಳು ಕೊಡುತ್ತವೆ. ಸೀರಿಯಲ್ ನಂಬರ್ ಪೂರ್ತಿ ಸಿಕ್ಕಿತು. ಮಾಡೆಲಿನಲ್ಲಿ 72 ತನಕ ಕಂಡಿತು, ಕೊನೆಯ ಅಂಕಿ ಮಾತ್ರ 1 ಅಥವಾ 2, ಯಾವುದು ಅಂತ ತಿಳಿಯಲಿಲ್ಲ. ದಯವಿಟ್ಟು ಇಂಥ ಜಾಗಕ್ಕೆ ಮರಳು ಕಾಗದ ಹಾಕಬೇಡಿ. ಉಳಿದಿರೋ ಗುರುತೂ ಹೋಗುತ್ತದೆ.

ಇದೇ ಕಂಪನಿ 1948ರಲ್ಲಿ 721, 722 ಅಂತ ಎರಡು ರೈಫಲ್ ತಂದಿತ್ತು. ಎರಡೂ ಅಣ್ಣತಮ್ಮಂದಿರ ಹಾಗೆ. 721 ಉದ್ದ ತೋಟಾಗಳಿಗೆ, 722 ಗಿಡ್ಡ ತೋಟಾಗಳಿಗೆ. ನಮ್ಮ ಬ್ಯಾರೆಲ್ (ನಳಿಗೆ) ಮೇಲೆ .30-06 ಅಂತ ತೋಟಾದ ಹೆಸರಿತ್ತು. ಆ ತೋಟಾ ಹತ್ತಿರ ಹತ್ತಿರ 85 ಮಿಲಿಮೀಟರ್ ಉದ್ದ, 722ರಲ್ಲಿ ಹಿಡಿಸೋದೇ ಇಲ್ಲ. ಹಾಗಾಗಿ ಇದು 721. ಯುದ್ಧಕ್ಕೆ ಮೊದಲಿನದು ಅನ್ನೋ ಮಾತು ಅಲ್ಲೇ ಬಿದ್ದುಹೋಯಿತು.

ಇನ್ನು ವರ್ಷ. ಹಳೆಯ ರೆಮಿಂಗ್ಟನ್ ಬ್ಯಾರೆಲಿನ ಎಡಬದಿಯಲ್ಲಿ, ರಿಸೀವರಿಗೆ ಹತ್ತಿರ, ಪುಟ್ಟ ಅಕ್ಷರಗಳಿರುತ್ತವೆ. ಮೊದಲನೆಯದು ತಿಂಗಳು. ಅದಕ್ಕೆ ಗುಟ್ಟಿನ ಮಾತು 'ಬ್ಲ್ಯಾಕ್ ಪೌಡರ್ ಎಕ್ಸ್', ಅದರ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ (BLACKPOWDERX) ಸರಿಯಾಗಿ ಹನ್ನೆರಡು ಅಕ್ಷರ. ಬಿ ಅಂದರೆ ಜನವರಿ, ಎಲ್ ಫೆಬ್ರವರಿ, ಹೀಗೆ ಎಕ್ಸ್ ಡಿಸೆಂಬರ್. ಒಂದು ಅಕ್ಷರವೂ ಎರಡು ಸಲ ಬರದ ಮಾತನ್ನು ಹುಡುಕಿ ಇಟ್ಟಿದ್ದಾರೆ, ನನಗಂತೂ ತುಂಬಾ ಇಷ್ಟವಾಯಿತು. ಅದರ ಪಕ್ಕದ ಅಕ್ಷರ ವರ್ಷದ್ದು. ನಮ್ಮದರಲ್ಲಿದ್ದದ್ದು ಓ, ಸಿ. ಓ ಅಂದರೆ ಜುಲೈ. ಸಿ ಸ್ವಲ್ಪ ಕಷ್ಟ, ಯಾಕಂದರೆ ವರ್ಷದ ಅಕ್ಷರಗಳು ಸುತ್ತಿ ಸುತ್ತಿ ಬರುತ್ತವೆ. ಸಿ 1934 ಆಗಬಹುದು, 1956 ಆಗಬಹುದು, 1982 ಕೂಡ ಆಗಬಹುದು. ಮಾಡೆಲ್ ಮೊದಲೇ ತಿಳಿದಿದ್ದು ಇಲ್ಲಿ ಕೈಹಿಡಿಯಿತು. 1934ರಲ್ಲಿ 721 ಹುಟ್ಟಿರಲಿಲ್ಲ. 1962ರಲ್ಲಿ ಅದರ ಜಾಗಕ್ಕೆ ಮಾಡೆಲ್ 700 ಬಂತು, ಆದ್ದರಿಂದ 1982 ಕೂಡ ಅಲ್ಲ. ಉಳಿದದ್ದು 1956ರ ಜುಲೈ.

ಕೆಲಸ ಮುಗಿಯಿತು ಅಂದುಕೊಂಡೆ. ವಾರದ ನಂತರ ಅಜ್ಜನ ಟ್ರಂಕಿನಲ್ಲಿ ಖರೀದಿ ರಸೀದಿ ಸಿಕ್ಕಿತು. ಅದೇ ಸೀರಿಯಲ್ ನಂಬರ್. ತಾರೀಖು ಮಾತ್ರ 1952ರದು! ಕೋವಿ ತಯಾರಾಗೋಕೆ ನಾಲ್ಕು ವರ್ಷ ಮೊದಲೇ ಕೊಂಡುಕೊಂಡ ಹಾಗಾಯಿತು, ಅಲ್ವಾ? ರಸೀದಿಯನ್ನು ಇನ್ನೊಮ್ಮೆ ಓದಿದೆ. ತೋಟಾದ ಅಳತೆ .270 ವಿಂಚೆಸ್ಟರ್ ಅಂತಿತ್ತು, .30-06 ಅಲ್ಲ.

ಆಗ ಅರ್ಥವಾಯಿತು. ಈ ಎರಡು ತೋಟಾಗಳ ಬುಡ ಒಂದೇ ಅಳತೆ. ಬೋಲ್ಟನ್ನು ಹಾಗೇ ಉಳಿಸಿಕೊಂಡು ಬ್ಯಾರೆಲ್ ಮಾತ್ರ ಬದಲಿಸಬಹುದು. ಅಜ್ಜ ಅದನ್ನೇ ಮಾಡಿಸಿದ್ದರು. ನಾನು ಓದಿದ ಅಕ್ಷರಗಳು ಬ್ಯಾರೆಲಿನ ಹುಟ್ಟಿದ ತಿಂಗಳು ಹೇಳುತ್ತಿದ್ದವು, ಕೋವಿಯದಲ್ಲ. ಸೀರಿಯಲ್ ನಂಬರ್ ಇರೋದು ರಿಸೀವರ್ ಮೇಲೆ, ಅದರ ವಯಸ್ಸೇ ಕೋವಿಯ ವಯಸ್ಸು. ಅದು 1948ರಿಂದ 1952ರ ಒಳಗಿನದು.

ಅದೇ ಟ್ರಂಕಿನ ತಳದಲ್ಲಿ .270 ತೋಟಾಗಳ ಅರ್ಧ ಖಾಲಿಯಾದ ಡಬ್ಬಿಯೂ ಇತ್ತು. ಅದು ನಮ್ಮ ಮನೆಯಲ್ಲಿ ಯಾಕಿದೆ ಅಂತ ಮಾವನಿಗೂ ಗೊತ್ತಿರಲಿಲ್ಲ. ಅವರಿಗೆ ಎಲ್ಲ ವಿವರಿಸಿ, ಡಬ್ಬಿಯನ್ನು ಕೋವಿಯಿಂದ ದೂರ ಬೇರೆ ಕಡೆ ಬೀಗ ಹಾಕಿ ಇಟ್ಟೆ. ಈಗಿನ ಬ್ಯಾರೆಲಿಗೆ ಆ ತೋಟಾ ಹಾಕಲೇಬಾರದು.