ಮುಳ್ಳಯ್ಯನಗಿರಿಗೆ ಮೂರನೇ ಸಲ, ಈ ಸಲ ನಡೆದುಕೊಂಡು

ಮೊದಲ ಎರಡು ಸಲ ಮುಳ್ಳಯ್ಯನಗಿರಿಗೆ ಹೋದಾಗ ನನಗೆ ಏನೂ ಕಾಣಲಿಲ್ಲ. ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ಏನೂ ಕಾಣಲಿಲ್ಲ. ಮೊದಲ ಸಲ ಹೋಗಿದ್ದು ಜುಲೈನಲ್ಲಿ. ಕಾರಲ್ಲಿ ಹೋಗಿ, ಮೆಟ್ಟಿಲು ಹತ್ತಿ, ಗುಡಿಯ ಮುಂದೆ ನಿಂತರೆ ಪಕ್ಕದಲ್ಲಿದ್ದ ಹೆಂಡತಿಯ ಕೊಡೆ ಮಾತ್ರ ಕಾಣುತ್ತಿತ್ತು. ಅದೂ ಗಾಳಿಗೆ ಉಲ್ಟಾ ಆಗಿತ್ತು. ಎರಡನೇ ಸಲ ದಸರಾ ರಜೆ. ಗಾಡಿಗಳ ಸಾಲಲ್ಲಿ ಸಿಕ್ಕಿಹಾಕಿಕೊಂಡು ಮೇಲೆ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಅಷ್ಟರಲ್ಲಿ ಮೋಡ ಬಂದು ಕೂತಿತ್ತು. ಹತ್ತು ನಿಮಿಷ ನಿಂತು, ಫೋಟೋ ಹೊಡೆದುಕೊಂಡು ಇಳಿದುಬಿಟ್ಟೆವು.

ನಮ್ಮದು ಹಾಸನ. ಹಾರ್ಡ್‌ವೇರ್ ಅಂಗಡಿ ಇದೆ. ನನಗೆ ವಯಸ್ಸು 51, ತೂಕ 84 ಕೆಜಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾ ಮುಂದೆ ಕೂರೋ ಮನುಷ್ಯ. ಮೂರನೇ ಸಲ ಹೋಗೋಣ ಅಂದಿದ್ದು ಅಕ್ಕನ ಮಗ. 'ಮಾವ, ಈ ಸಲ ಕಾರು ಬೇಡ. ಸರ್ಪದಾರಿಯಲ್ಲಿ ನಡೆದುಕೊಂಡು ಹೋಗೋಣ' ಅಂದ. ಹೂಂ ಅಂದುಬಿಟ್ಟೆ. ಆಮೇಲೆ ಭಯ ಶುರುವಾಯಿತು.

ತಯಾರಿಗೆ ಒಂದೂವರೆ ತಿಂಗಳು ಇತ್ತು. ನಮ್ಮ ಜಿಲ್ಲೆಯವರಿಗೆ ಜಿಮ್ ಬೇಡ, ಶ್ರವಣಬೆಳಗೊಳ ಇದೆಯಲ್ಲ. ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲು ಆರುನೂರಕ್ಕೂ ಜಾಸ್ತಿ. ಪ್ರತಿ ಭಾನುವಾರ ಬೆಳಗಾಗುತ್ತಲೇ ಹೋಗಿ ಹತ್ತಿ ಇಳಿಯುತ್ತಿದ್ದೆ. ಅಲ್ಲಿ ಚಪ್ಪಲಿ ಹಾಕುವಂತಿಲ್ಲ. ಬಿಸಿಲೇರಿದರೆ ಬಂಡೆ ಹಂಚಿನ ಹಾಗೆ ಕಾಯುತ್ತದೆ, ಅದಕ್ಕೇ ಬೇಗ ಹೋಗಬೇಕು. ಮೊದಲ ವಾರ ಐದು ಕಡೆ ಕೂತೆ. ನಾಲ್ಕನೇ ವಾರಕ್ಕೆ ಒಂದೇ ಕಡೆ. ಅಲ್ಲಿ ಕಲಿತ ಒಂದು ವಿಷಯ ಗಿರಿಯಲ್ಲಿ ಕೈಹಿಡಿಯಿತು: ಸುಸ್ತಾದ ಮೇಲೆ ನಿಲ್ಲಬಾರದು, ಸುಸ್ತಾಗುವ ಮುಂಚೆ ನಿಲ್ಲಬೇಕು. ಅರವತ್ತು ಹೆಜ್ಜೆ ಎಣಿಸುವುದು, ನಿಂತು ಹತ್ತು ಉಸಿರು ತೆಗೆದುಕೊಳ್ಳುವುದು, ಮತ್ತೆ ಅರವತ್ತು. ಪಕ್ಕದವರ ಜೊತೆ ಮಾತಾಡಲು ಆಗುತ್ತಿಲ್ಲ ಅಂದರೆ ವೇಗ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಡಿಸೆಂಬರ್ ಮೊದಲ ವಾರ, ಬುಧವಾರ. ಭಾನುವಾರ ಹೋಗಲೇಬಾರದು ಅಂತ ದಸರಾದಲ್ಲೇ ಬುದ್ಧಿ ಬಂದಿತ್ತು. ನಸುಕಿನಲ್ಲಿ ನಾಲ್ಕಕ್ಕೆ ಬೈಕಲ್ಲಿ ಹೊರಟು, ಬೇಲೂರು ದಾಟಿ, ಚಿಕ್ಕಮಗಳೂರು ಮುಟ್ಟುವಾಗ ಕೈ ಮರಗಟ್ಟಿತ್ತು. ಕೈಮರದ ಚೆಕ್‌ಪೋಸ್ಟಲ್ಲಿ ಆರು ಗಂಟೆಯ ನಂತರವೇ ಬಿಟ್ಟರು. ಈಗಂತೂ ಗಿರಿಗೆ ಹೋಗುವ ಗಾಡಿಗಳಿಗೆ ಮಿತಿ ಇದೆ, ಮೊದಲೇ ಆನ್‌ಲೈನಲ್ಲಿ ಬುಕ್ ಮಾಡಿಕೊಳ್ಳಬೇಕು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ಮುಂಚೆ ಒಮ್ಮೆ ವಿಚಾರಿಸಿ.

ಸರ್ಪದಾರಿ ಶುರುವಾಗುವುದು ಸೀತಾಳಯ್ಯನಗಿರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ. ಹಾವು ಹರಿದ ಹಾಗೆ ಸುತ್ತಿ ಸುತ್ತಿ ಹತ್ತುವ ಕಾಲುದಾರಿ, ಅದಕ್ಕೇ ಆ ಹೆಸರು. ಸುಮಾರು ಮೂರು ನಾಲ್ಕು ಕಿಲೋಮೀಟರ್. ಮೊದಲು ಸ್ವಲ್ಪ ಪೊದೆ, ಮರ. ಆಮೇಲೆ ಬರೀ ಹುಲ್ಲು. ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಕಾಡು ಕಪ್ಪಗೆ ಅಡಗಿ ಕೂತಿರುತ್ತದೆ. ದಾರಿಯಲ್ಲಿ ನೆರಳೂ ಇಲ್ಲ, ನಮಗೆ ಎಲ್ಲೂ ನೀರೂ ಸಿಗಲಿಲ್ಲ. ತಲೆಗೆ ಎರಡು ಲೀಟರ್ ಹೊತ್ತಿದ್ದೆವು, ಇಳಿಯುವಾಗ ಬಾಟಲಿ ಖಾಲಿ. ಮಳೆಗಾಲದಲ್ಲಿ ಇಲ್ಲಿ ಇಂಬಳದ ಕಾಟವೂ ಇರುತ್ತದೆ. ಡಿಸೆಂಬರಲ್ಲಿ ಒಂದೂ ಹತ್ತಲಿಲ್ಲ.

ಅರ್ಧ ದಾರಿಯಲ್ಲಿ ಎದೆ ಡವಡವ ಅನ್ನುತ್ತಿತ್ತು. 'ಇಲ್ಲಿ ಆಕ್ಸಿಜನ್ ಕಮ್ಮಿ ಕಣೋ' ಅಂದೆ. ಅವನು ನಕ್ಕ. 'ಮಾವ, ಎತ್ತರಕ್ಕೆ ತಲೆಸುತ್ತು, ವಾಂತಿ ಎಲ್ಲ ಸಾಮಾನ್ಯವಾಗಿ ಎರಡೂವರೆ ಸಾವಿರ ಮೀಟರ್ ಮೇಲೆ. ಈ ಶಿಖರ 1,930 ಮೀಟರ್. ಇದು ನಿಮ್ಮ ಹೊಟ್ಟೆ ತೊಂದರೆ.' ಕರ್ನಾಟಕದಲ್ಲೇ ಇದಕ್ಕಿಂತ ಎತ್ತರದ ಶಿಖರ ಇಲ್ಲ, ಆದರೂ ಹೇಳಿಕೊಳ್ಳಲು ಒಂದು ನೆಪ ಸಿಗಲಿಲ್ಲ ನೋಡಿ.

ಎಡವಟ್ಟಾಗಿದ್ದು ಆಮೇಲೆ. ನನ್ನ ಶೂ ಏಳೆಂಟು ವರ್ಷ ಅಟ್ಟದ ಮೇಲಿತ್ತು. ಹೊಸದರ ಹಾಗೇ ಕಾಣುತ್ತಿತ್ತು. ಒಂದು ಕಲ್ಲಿನ ಮೇಲೆ ಕಾಲಿಟ್ಟಾಗ ಪಟ್ ಅಂತ ಸದ್ದು. ಬಗ್ಗಿ ನೋಡಿದರೆ ಬಲಗಾಲಿನ ಸೋಲ್ ಮುಂದಿನಿಂದ ಬಾಯಿ ಬಿಟ್ಟಿದೆ, ಹಿಮ್ಮಡಿ ಹತ್ತಿರ ಮಾತ್ರ ಅಂಟಿಕೊಂಡಿದೆ. ಎಳೆದರೆ ಒಳಗಿನ ಸ್ಪಂಜು ಹಳೇ ಬಿಸ್ಕೆಟ್ ಹಾಗೆ ಪುಡಿಪುಡಿಯಾಗಿ ಉದುರಿತು. ಈ ತರದ ಸೋಲ್ ಬಳಸಿದರೆ ಸವೆಯುತ್ತದೆ, ಬಳಸದೆ ಇಟ್ಟರೂ ಗಾಳಿಯ ತೇವಕ್ಕೇ ಹಾಳಾಗುತ್ತದೆ. ಅಂಗಡಿಯಲ್ಲಿ ಗಮ್ ಮಾರುವ ನನಗೇ ಇದು ತಲೆಗೆ ಬರಲಿಲ್ಲ!

ಅಂಗಡಿ ಬುದ್ಧಿಯಿಂದ ಬ್ಯಾಗಲ್ಲಿ ಒಂದು ಕರಿ ಇನ್ಸುಲೇಷನ್ ಟೇಪ್ ಇಟ್ಟುಕೊಂಡಿದ್ದೆ. ಶೂ ಹಾಕಿಕೊಂಡೇ ಕಾಲಿನ ಮೇಲಿಂದ ಸೋಲಿನ ಕೆಳಗೆ ಆರು ಸುತ್ತು ಬಿಗಿದೆ. ಇನ್ನೂರು ಹೆಜ್ಜೆಗೆ ಕೆಳಗಿನ ಟೇಪ್ ಕಲ್ಲಿಗೆ ಸವೆದು ಹರಿಯಿತು. ಮತ್ತೆ ಸುತ್ತಿದೆ. ಹುಲ್ಲಿನ ಮೇಲೆ ಪರವಾಗಿಲ್ಲ, ಕಲ್ಲಿನ ಮೇಲೆ ನಿಲ್ಲದು. ಹಾಗಾಗಿ ದಾರಿಯ ಅಂಚಿನ ಹುಲ್ಲಲ್ಲೇ ಕಾಲಿಟ್ಟು ನಡೆದೆ. ಆ ದಾರಿಯ ಇನ್ನೊಂದು ಮೋಸ, ಇದೇ ತುದಿ ಅಂದುಕೊಂಡು ಹತ್ತಿದರೆ ಅದರ ಹಿಂದೆ ಇನ್ನೊಂದು ದಿಬ್ಬ. ಎರಡು ಸಲ 'ಬಂತು' ಅಂದ ಅಳಿಯನನ್ನು ಮೂರನೇ ಸಲ ನಂಬಲಿಲ್ಲ. ಆಗಲೇ ನಿಜವಾಗಿ ಬಂದಿತ್ತು.

ಮೇಲೆ ಮುಟ್ಟಿದಾಗ ಎಂಟೂವರೆ. ಮತ್ತೆ ಮಂಜು! ಹತ್ತಡಿ ಆಚೆ ಏನೂ ಇಲ್ಲ. ಇಷ್ಟಕ್ಕೆ ಬಂದೆನಾ ಅನ್ನಿಸಿತು. ಮೊದಲು ಬೆವರಿನ ಬನಿಯನ್ ಬಿಚ್ಚಿ ಒಣಗಿದ್ದು ಹಾಕಿಕೊಂಡೆ. ಇದನ್ನು ಯಾರೂ ಮರೆಯಬೇಡಿ. ಊರಿಗಿಂತ ಐದಾರು ಡಿಗ್ರಿ ಕಮ್ಮಿ ಇರಬಹುದು ಅಷ್ಟೇ, ಆದರೆ ಒದ್ದೆ ಬಟ್ಟೆಗೆ ಆ ಗಾಳಿ ಬಡಿದರೆ ಹಲ್ಲು ಕಟಕಟ ಅನ್ನುತ್ತದೆ. ಮುಳ್ಳಪ್ಪ ಸ್ವಾಮಿಯ ಗದ್ದುಗೆಗೆ ಕೈ ಮುಗಿಯೋಣ ಅಂದರೆ ಶೂ ಬಿಚ್ಚಬೇಕು. ಶೂ ಬಿಚ್ಚಬೇಕು ಅಂದರೆ ಟೇಪ್ ಕತ್ತರಿಸಬೇಕು. ಉಳಿದಿದ್ದು ಒಂದು ಗೇಣು ಟೇಪ್. ಸ್ವಾಮಿ ಮುಂದೆ ಲೆಕ್ಕ ಹಾಕಬಾರದು ಅಂತ ಕತ್ತರಿಸಿಯೇಬಿಟ್ಟೆ.

ಆಮೇಲೆ ಗೋಡೆಯ ಮರೆಯಲ್ಲಿ ಕೂತು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಬಿಚ್ಚಿದೆವು. ನಮ್ಮ ಕಣ್ಣೆದುರೇ ಮೂರು ಗುಂಪು ಬಂದು, ಏನೂ ಕಾಣಲ್ಲ ಅಂತ ಬೈದುಕೊಂಡು ಇಳಿದು ಹೋದವು. ಹಿಂದೆ ನಾನೂ ಅದನ್ನೇ ಮಾಡಿದ್ದೆ. ಈ ಸಲ ನನ್ನ ಕಾಲೇ ಇಳಿಯಲು ಬಿಡಲಿಲ್ಲ, ಕೂತಿದ್ದೆ. ಒಂಬತ್ತೂ ಕಾಲರ ಹೊತ್ತಿಗೆ ರೊಟ್ಟಿ ಮೇಲೆ ಬಿಸಿಲು ಬಿತ್ತು. ತಲೆ ಎತ್ತಿದರೆ ಮೇಲೆಲ್ಲ ನೀಲಿ, ಕೆಳಗೆ ಕಣಿವೆಯಲ್ಲಿ ಮಾತ್ರ ಮಂಜು, ಬಕೆಟಲ್ಲಿ ಸುಣ್ಣ ಕದಡಿದ ಹಾಗೆ. ಅದು ಅಂಚಿನಿಂದ ಕರಗುತ್ತಾ ಬಂತು. ಮೊದಲು ಬಾಬಾಬುಡನ್‌ಗಿರಿ ಕಡೆಯ ಸಾಲು, ಆಮೇಲೆ ನಾವು ಹತ್ತಿ ಬಂದ ದಾರಿಯ ಗೀರು, ಕೊನೆಗೆ ಬಯಲು ಸೀಮೆಯ ಕಡೆ ತಗಡಿನ ಚೂರುಗಳ ಹಾಗೆ ಹೊಳೆಯುವ ಕೆರೆಗಳು. ಅಳಿಯ ಮೊಬೈಲ್ ತೆಗೆಯಲೇ ಇಲ್ಲ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಹಾಗೇ ನಿಂತಿದ್ದ. ಒಂದು ಗಂಟೆ ನೋಡಿದೆವು. ಹನ್ನೊಂದರ ಹೊತ್ತಿಗೆ ಪಶ್ಚಿಮದಿಂದ ಮೋಡ ಮತ್ತೆ ಹತ್ತಲು ಶುರುಮಾಡಿತು.

ಇಳಿಯುವುದು ಸುಲಭ ಅಂದುಕೊಂಡಿದ್ದೆ. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮೊಣಕಾಲು ಹೋಗುತ್ತದೆ. ಕಡಿದಾದ ಕಡೆ ಅಡ್ಡಡ್ಡ ಇಳಿದೆ. ಟೇಪ್ ಮುಗಿದ ಮೇಲೆ ಎಡಗಾಲಿನ ಲೇಸ್ ಬಿಚ್ಚಿ ಬಲಗಾಲಿನ ಸೋಲಿಗೆ ಕಟ್ಟಿದೆ. ಲೇಸ್ ಇಲ್ಲದ ಎಡಗಾಲು ಶೂ ಒಳಗೆ ಜಾರಿ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಬೇಲೂರಲ್ಲಿ ಕಾಫಿಗೆ ನಿಲ್ಲಿಸಿದಾಗ ಬೈಕಿಂದ ಇಳಿಯಲು ಅಳಿಯನೇ ಕೈ ಕೊಡಬೇಕಾಯಿತು.

ಉಗುರು ಎರಡು ತಿಂಗಳಿಗೆ ಬಿದ್ದು ಹೊಸದು ಬಂತು. ಈಗ ಅಂಗಡಿಗೆ ಯಾರಾದರೂ ಬಂದು ಶೂ ಅಂಟಿಸಲು ಗಮ್ ಕೇಳಿದರೆ, ಎಲ್ಲಿಗೆ ಹೊರಟಿದ್ದೀರಿ ಅಂತ ಮೊದಲು ಕೇಳುತ್ತೇನೆ. ಗಿರಿಗೆ ಅಂದರೆ ಗಮ್ ಕೊಡುವುದಿಲ್ಲ.